ಆಕ್ಸಿಜನ್ ಚೇಂಬರ್ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ?

ಹೈಪರ್‌ಬೇರಿಕ್ ಚೇಂಬರ್ (ಹೆಚ್ಚಿನ ಒತ್ತಡದಲ್ಲಿ ಶುದ್ಧ ಆಕ್ಸಿಜನ್ ಕೊಡುವ ಮುಚ್ಚಿದ ಕೊಳವೆ ಅಥವಾ ಕೋಣೆ) ಮತ್ತು ಆಕ್ಸಿಜನ್ ಚಿಕಿತ್ಸೆ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಬೆಂಗಳೂರಿನ ತಜ್ಞ ವೈದ್ಯರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ, ತುಂಬಾ ವರ್ಷದಿಂದ ಶುಗರ್ ಇದೆ. ಹೆಬ್ಬೆರಳಿನ ಬುಡದಲ್ಲಿ ಅಂಗಾಲಿಗೆ ಆಗಿರುವ ಗಾಯ ಎರಡು ತಿಂಗಳಾದರೂ ಮಾಯುತ್ತಿಲ್ಲ. ಚೇಂಬರ್‌ನಲ್ಲಿ 30 ಸಿಟ್ಟಿಂಗ್ ಕೊಡಿಸಿ ಅಂದಿದ್ದಾರೆ. ಕೋವಿಡ್ ಸಮಯದಲ್ಲಿ ತಂದ ಆಕ್ಸಿಜನ್ ಕಾನ್ಸಂಟ್ರೇಟರ್ ಮನೆಯಲ್ಲೇ ಇದೆ. ಅದನ್ನೇ ಹಾಕಿದರೆ ಆಗಲ್ವಾ? – ಬಸವನಗುಡಿ

ಉತ್ತರ: ಆಗಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಶೇ 21ರಷ್ಟು ಆಕ್ಸಿಜನ್ ಇರುತ್ತದೆ. ರಕ್ತದಲ್ಲಿ ಅದನ್ನು ಹೊರುವುದು ಹಿಮೋಗ್ಲೋಬಿನ್. ಶ್ವಾಸಕೋಶ ಚೆನ್ನಾಗಿರುವವರಲ್ಲಿ ಈ ಮಾಮೂಲಿ ಗಾಳಿಯಲ್ಲೇ ಅದು ಶೇ 97–98 ತುಂಬಿರುತ್ತದೆ. ಮೂಗಿಗೆ ಪೈಪ್ ಹಾಕಿ ಇನ್ನೆಷ್ಟು ಬಿಟ್ಟರೂ ಅಲ್ಲಿ ಹೆಚ್ಚು ಜಾಗವಿಲ್ಲ. ಚೇಂಬರ್ ಮಾಡುವ ಕೆಲಸವೇ ಬೇರೆ. ಒಳಗಿನ ಒತ್ತಡವನ್ನು ಸಮುದ್ರ ಮಟ್ಟದ ಒತ್ತಡಕ್ಕಿಂತ 2ರಿಂದ 2.5 ಪಟ್ಟಿಗೆ ಏರಿಸಿ ಶುದ್ಧ ಆಕ್ಸಿಜನ್ ಕೊಡುತ್ತಾರೆ, ಆಗ ಆಕ್ಸಿಜನ್ ನೇರವಾಗಿ ರಕ್ತದ ನೀರಿನಂಶದಲ್ಲೇ, ಅಂದರೆ ಪ್ಲಾಸ್ಮಾದಲ್ಲೇ ಕರಗುತ್ತದೆ. ಸಾಮಾನ್ಯವಾಗಿ 100 ಮಿಲಿ ರಕ್ತದಲ್ಲಿ ಹೀಗೆ ಕರಗಿರುವುದು ಬರೀ 0.3 ಮಿಲಿ. 3 ಪಟ್ಟು ಒತ್ತಡದಲ್ಲಿ ಅದು ಸುಮಾರು 6 ಮಿಲಿ ಆಗುತ್ತದೆ. ಆಮ್‌ಸ್ಟರ್‌ಡ್ಯಾಮ್‌ನ ಸರ್ಜನ್ ಇಟೆ ಬೂರೆಮಾ ಹಂದಿಗಳ ಕೆಂಪು ರಕ್ತಕಣಗಳನ್ನು ಬಹುಪಾಲು ತೆಗೆದು, ಚೇಂಬರ್‌ನಲ್ಲಿ ಅವು ಬದುಕಿರುವುದನ್ನು ತೋರಿಸಿದ್ದರು. 1960ರಲ್ಲಿ ಪ್ರಕಟವಾದ ಆ ಪ್ರಯೋಗ ಈ ಚಿಕಿತ್ಸೆಗೆ ದೊಡ್ಡ ಬಲ ಕೊಟ್ಟಿತು.

ಆದರೆ ದುಡ್ಡು ಕಟ್ಟುವ ಮುಂಚೆ ಒಂದು ವಿಷಯ ಕೇಳಿ. ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯಾ ಅಂತ ಡಾಪ್ಲರ್ ಸ್ಕ್ಯಾನ್ ಮಾಡಿ ನೋಡಿದ್ದಾರಾ? ರಕ್ತನಾಳ ಕಟ್ಟಿಕೊಂಡಿದ್ದರೆ ಮೊದಲು ಅದನ್ನು ತೆರೆಯಬೇಕು, ಇಲ್ಲದಿದ್ದರೆ ಕರಗಿದ ಆಕ್ಸಿಜನ್ ಗಾಯದ ತನಕ ತಲುಪುವುದೇ ಕಷ್ಟ. ಎಲುಬಿಗೆ ಸೋಂಕು ಇಳಿದಿದೆಯಾ ನೋಡಿಸಿ. ಸತ್ತ ಚರ್ಮ, ಮಾಂಸ ತೆಗೆಸಿ. ಹೆಬ್ಬೆರಳಿನ ಬುಡ ಅಂದರೆ ಪ್ರತಿ ಹೆಜ್ಜೆಗೂ ಭಾರ ಬೀಳುವ ಜಾಗ. ತಂದೆಯವರು ಬೆಳಗ್ಗೆ ಸಿಟ್ಟಿಂಗ್ ಮುಗಿಸಿ, ಸಂಜೆ ಅದೇ ಹವಾಯಿ ಚಪ್ಪಲಿಯಲ್ಲಿ ಗಾಂಧಿ ಬಜಾರ್‌ಗೆ ತರಕಾರಿ ತರಲು ಹೋದರೆ 30 ಅಲ್ಲ, 60 ಸಿಟ್ಟಿಂಗ್ ಕೊಡಿಸಿದರೂ ಆ ಗಾಯ ಮಾಯುವುದಿಲ್ಲ. ಭಾರ ತಪ್ಪಿಸುವ ಚಪ್ಪಲಿಯೋ ಕ್ಯಾಸ್ಟೋ ಬೇಕೇಬೇಕು. ಇಷ್ಟೆಲ್ಲಾ ಮಾಡಿ ತಿಂಗಳಾದರೂ ಮಾಯದ ಆಳವಾದ ಗಾಯಕ್ಕೆ ಚೇಂಬರ್ ಯೋಚಿಸಬಹುದು. ಇಲ್ಲೂ ಅಧ್ಯಯನಗಳು ಒಂದೇ ಮಾತು ಹೇಳುತ್ತಿಲ್ಲ, ಕೆಲವದರಲ್ಲಿ ಉಪಯೋಗ ಕಂಡಿದೆ, ಕೆಲವದರಲ್ಲಿ ಕಂಡಿಲ್ಲ. ಹಾಗಾಗಿ ವಾರ ವಾರ ಗಾಯದ ಅಳತೆ ತೆಗೆಸಿ, ಫೋಟೊ ಇಟ್ಟುಕೊಳ್ಳಿ. ಇನ್ನೊಂದು, ಒಳಗಿರುವಾಗ ಶುಗರ್ ಇಳಿಯಬಹುದು. ಇನ್ಸುಲಿನ್ ತಗೊಂಡು ತಿಂಡಿ ಬಿಟ್ಟು ಹೋಗುವುದು ಬೇಡ, ಪ್ರತಿ ಸಲ ಒಳಗೆ ಹೋಗುವ ಮುಂಚೆ ಚೆಕ್ ಮಾಡಿಸಿ.

ಪ್ರಶ್ನೆ: ಅಮ್ಮನಿಗೆ ಮುಂದಿನ ವಾರದಿಂದ ಶುರು. ಮುಚ್ಚಿದ ಕೊಳವೆಯೊಳಗೆ ಮಲಗಬೇಕಂತೆ ಅಂತ ಹೆದರಿದ್ದಾರೆ. ತಲೆಗೆ ಎಣ್ಣೆ ಹಾಕುವಂತಿಲ್ಲ, ಮಾಂಗಲ್ಯ ತೆಗೆಯಬೇಕು ಅಂತಲೂ ಹೇಳಿದ್ದಾರೆ. ಇದೆಲ್ಲಾ ನಿಜವಾಗಿಯೂ ಅಗತ್ಯವಾ? – ರಾಜಾಜಿನಗರ

ಉತ್ತರ: ಅಗತ್ಯ. ಒಬ್ಬರೇ ಮಲಗುವ ಚೇಂಬರ್‌ಗಳಲ್ಲಿ ಸಾಮಾನ್ಯವಾಗಿ ಇಡೀ ಕೊಳವೆಗೇ ಆಕ್ಸಿಜನ್ ತುಂಬುತ್ತಾರೆ. ಅಲ್ಲಿ ಒಂದು ಸಣ್ಣ ಕಿಡಿ ಸಾಕು. ಕೊಬ್ಬರಿ ಎಣ್ಣೆ, ವ್ಯಾಸಲೀನ್, ವಿಕ್ಸ್, ಸೆಂಟ್, ಹೇರ್ ಸ್ಪ್ರೇ ಯಾವುದೂ ಬೇಡ. ಹಿಂದಿನ ದಿನವೇ ತಲೆಗೆ ಸ್ನಾನ ಮಾಡಿಸಿ ಎಣ್ಣೆಯಂಶ ಹೋಗುವ ಹಾಗೆ ನೋಡಿಕೊಳ್ಳಿ. ರೇಷ್ಮೆ, ಪಾಲಿಯೆಸ್ಟರ್, ಉಣ್ಣೆ ಬಟ್ಟೆ ಬೇಡ, ಅವರು ಕೊಡುವ ಹತ್ತಿಯ ಗೌನ್ ಮಾತ್ರ. ಮೊಬೈಲ್, ವಾಚ್, ಕಿವಿಯ ಮಿಷನ್, ಹೇರ್‌ಪಿನ್ ಎಲ್ಲಾ ಹೊರಗೆ. ಮಾಂಗಲ್ಯದ ವಿಷಯದಲ್ಲಿ ಅಮ್ಮನ ಸಂಕಟ ನನಗೆ ಅರ್ಥವಾಗುತ್ತದೆ. ಕೆಲವರು ಅಷ್ಟು ಹೊತ್ತು ಅರಿಶಿನದ ಕೊಂಬು ಕಟ್ಟಿದ ಹತ್ತಿಯ ದಾರ ಹಾಕಿಕೊಳ್ಳುತ್ತಾರೆ. ಅದನ್ನೂ ಟೆಕ್ನಿಷಿಯನ್‌ಗೆ ತೋರಿಸಿ, ಅವರು ಸರಿ ಅಂದ ಮೇಲೇ ಒಳಗೆ ಹೋಗಲಿ. ಗೌನ್ ಒಳಗೆ ಸುಮ್ನೆ ಬಚ್ಚಿಟ್ಟುಕೊಂಡು ಮಾತ್ರ ಹೋಗುವುದು ಬೇಡ.

ಭಯದ ಬಗ್ಗೆ: ಕೊಳವೆ ಪಾರದರ್ಶಕವಾಗಿರುತ್ತದೆ, ಹೊರಗಿನವರು ಕಾಣುತ್ತಾರೆ, ಮಾತಾಡಬಹುದು. ಒತ್ತಡ ಏರುವ ಮೊದಲ ಕೆಲವು ನಿಮಿಷ, ಶಿರಾಡಿ ಘಾಟಿ ಇಳಿಯುವಾಗ ಆಗುವ ಹಾಗೆ, ಕಿವಿ ಕಟ್ಟುತ್ತದೆ. ಆಗ ಉಗುಳು ನುಂಗಬೇಕು, ಅಥವಾ ಮೂಗು ಹಿಡಿದು ಮೆಲ್ಲಗೆ ಊದಬೇಕು. ಆದರೂ ನೋವಾದರೆ ತಡೆದುಕೊಳ್ಳದೆ ಕೂಡಲೇ ಹೇಳಬೇಕು, ಅಲ್ಲೇ ನಿಲ್ಲಿಸುತ್ತಾರೆ. ಈ ಚಿಕಿತ್ಸೆಯಲ್ಲಿ ಜಾಸ್ತಿ ಕಾಣುವ ತೊಂದರೆ ಕಿವಿಯದ್ದೇ. ನೆಗಡಿ, ಮೂಗು ಕಟ್ಟಿದ್ದರೆ ಆ ದಿನ ಮುಂದೂಡಿ. ಹಲವು ಸಿಟ್ಟಿಂಗ್ ಆದ ಮೇಲೆ ಕೆಲವರಿಗೆ ದೂರದ್ದು ಮಂಜಾಗಿ ಕಾಣುತ್ತದೆ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ, ಅವಸರದಲ್ಲಿ ಹೊಸ ಕನ್ನಡಕ ಮಾಡಿಸಬೇಡಿ. ಫಿಟ್ಸ್ ಬರುವುದು ಅಪರೂಪ, ಆದರೆ ಬರಬಹುದು. ಶ್ವಾಸಕೋಶದ ಹೊರಗೆ ಗಾಳಿ ತುಂಬಿಕೊಂಡಿರುವ ನ್ಯುಮೊಥೊರಾಕ್ಸ್ ಇದ್ದು ಅದಕ್ಕೆ ಚಿಕಿತ್ಸೆ ಆಗಿಲ್ಲದಿದ್ದರೆ ಚೇಂಬರ್ ಒಳಗೆ ಹೋಗಲೇಬಾರದು.

ಪ್ರಶ್ನೆ: ನಮ್ಮ ಅತ್ತಿಗೆ ಸ್ನಾನಕ್ಕೆ ಹೋಗಿ ಬಾತ್‌ರೂಮಿನಲ್ಲೇ ಬಿದ್ದಿದ್ದರು. ಗ್ಯಾಸ್ ಗೀಸರ್ ಉರಿಯುತ್ತಿತ್ತು, ಕಿಟಕಿ ಮುಚ್ಚಿತ್ತು. ಬೆರಳಿಗೆ ಹಾಕಿದ ಆಕ್ಸಿಮೀಟರ್ 98 ತೋರಿಸಿತು. ಆದರೂ ಡಾಕ್ಟರ್ ಚೇಂಬರ್ ಬೇಕಾಗಬಹುದು ಅಂದರು. ಯಾಕೆ? – ವಿಜಯನಗರ

ಉತ್ತರ: ಈ ಪ್ರಶ್ನೆ ಕಳಿಸಿದ್ದಕ್ಕೆ ನಿಮಗೆ ಥ್ಯಾಂಕ್ಸ್, ಇದನ್ನು ಎಲ್ಲರೂ ಓದಬೇಕು. ಗಾಳಿಯಾಡದ ಜಾಗದಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಮೋಗ್ಲೋಬಿನ್‌ಗೆ ಅದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬೆರಳಿನ ಆಕ್ಸಿಮೀಟರ್‌ಗೆ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ವಿಷ ತುಂಬಿದ ರಕ್ತವನ್ನೂ ಆಕ್ಸಿಜನ್ ತುಂಬಿದ ರಕ್ತ ಅಂತಲೇ ಎಣಿಸಿ 98 ತೋರಿಸುತ್ತದೆ. ಆ ನಂಬರ್ ನೋಡಿ, ಬಿಪಿ ಇಳಿದಿರಬೇಕು ಅಂತ ಮನೆಯಲ್ಲೇ ಮಲಗಿಸುವುದು ತುಂಬಾ ಅಪಾಯ. ಸರಿಯಾದ ಅಳತೆ ಸಿಗುವುದು ರಕ್ತ ಪರೀಕ್ಷೆಯಲ್ಲಿ, ಕಾರ್ಬಾಕ್ಸಿ ಹಿಮೋಗ್ಲೋಬಿನ್, ಅಂದರೆ ಈ ವಿಷ ಅಂಟಿಕೊಂಡಿರುವ ಹಿಮೋಗ್ಲೋಬಿನ್ ಎಷ್ಟಿದೆ ಅಂತ ನೋಡುತ್ತಾರೆ.

ಮಾಮೂಲಿ ಗಾಳಿಯಲ್ಲಿ ಈ ವಿಷ ಅರ್ಧಕ್ಕೆ ಇಳಿಯಲು ನಾಲ್ಕರಿಂದ ಆರು ಗಂಟೆ ಬೇಕು. ಮಾಸ್ಕ್‌ನಲ್ಲಿ ಪೂರ್ತಿ ಆಕ್ಸಿಜನ್ ಕೊಟ್ಟರೆ ಒಂದರಿಂದ ಒಂದೂವರೆ ಗಂಟೆ. ಚೇಂಬರ್‌ನಲ್ಲಿ ಅರ್ಧ ಗಂಟೆಗಿಂತ ಕಡಿಮೆ. ಪ್ರಜ್ಞೆ ತಪ್ಪಿದವರು, ಎದೆನೋವು ಇರುವವರು, ಮಾತು ತೊದಲುವವರು, ನಡಿಗೆ ತಡವರಿಸುವವರು, ಗರ್ಭಿಣಿಯರು – ಇವರಿಗೆ ಚೇಂಬರ್ ಬಗ್ಗೆ ಬೇಗ ಯೋಚಿಸುತ್ತಾರೆ. ಮೊದಲ ದಿನ ಚೆನ್ನಾಗಿಯೇ ಇದ್ದವರಿಗೂ ಕೆಲವು ದಿನ, ಕೆಲವು ವಾರ ಬಿಟ್ಟು ಮರೆವು, ನಡಿಗೆಯಲ್ಲಿ ತಡವರಿಕೆ, ಸಿಡುಕು ಬರಬಹುದು. ಅತ್ತಿಗೆಯವರನ್ನು ಒಂದೂವರೆ ತಿಂಗಳು ಗಮನವಿಟ್ಟು ನೋಡಿಕೊಳ್ಳಿ. ಹತ್ತಿರದಲ್ಲಿ ಚೇಂಬರ್ ಇಲ್ಲ ಅಂತ ಮಾಸ್ಕ್ ಆಕ್ಸಿಜನ್ ತಡ ಮಾಡಬಾರದು, ಅದೇ ಮೊದಲ ಔಷಧಿ. ಮತ್ತೆ ಆ ಗೀಸರನ್ನು ಈ ವಾರವೇ ಬಾತ್‌ರೂಮಿನಿಂದ ಹೊರಗೆ, ಗಾಳಿಯಾಡುವ ಯುಟಿಲಿಟಿಗೆ ಹಾಕಿಸಿ, ಬಿಸಿನೀರು ಪೈಪಿನಲ್ಲಿ ಒಳಗೆ ಬರಲಿ. ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದರೂ ಇದೇ ಆಗುತ್ತದೆ.

ಪ್ರಶ್ನೆ: ಬೆಳಗ್ಗೆ ಎದ್ದಾಗ ಒಂದು ಕಿವಿ ಪೂರ್ತಿ ಕೇಳುತ್ತಿರಲಿಲ್ಲ, ಗುಂಯ್ ಅನ್ನುತ್ತಿದೆ. ನಾಲ್ಕು ದಿನ ಆಯ್ತು. ಗುಗ್ಗೆ ಇರಬಹುದು ಅಂತ ಡ್ರಾಪ್ಸ್ ಹಾಕುತ್ತಿದ್ದೇನೆ. – ಯಲಹಂಕ

ಉತ್ತರ: ಡ್ರಾಪ್ಸ್ ನಿಲ್ಲಿಸಿ, ಇವತ್ತೇ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ ಆಡಿಯೋಗ್ರಾಮ್ (ಕಿವಿ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆ) ಮಾಡಿಸಿ. ನರದಿಂದಲೇ ಹಠಾತ್ ಕಿವುಡು ಬಂದಿದ್ದರೆ ಸ್ಟಿರಾಯ್ಡ್ ಬೇಗ ಶುರು ಮಾಡಬೇಕು. ಅದರ ಜೊತೆಗೆ ಚೇಂಬರ್ ಕೊಡುವುದಾದರೆ ಮೊದಲ ಎರಡು ವಾರದೊಳಗೆ ಕೊಡುವುದು ಒಳ್ಳೆಯದು. ದಿನ ಕಳೆದಷ್ಟೂ ಲಾಭ ಕಡಿಮೆ.

ಪ್ರಶ್ನೆ: ಮುರುಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವ್ ಮಾಡಿ ಅದೇ ರಾತ್ರಿ ಬಸ್ಸಿಗೆ ವಾಪಸ್ ಬರುವ ಪ್ಲಾನ್. ವಿಮಾನ ಅಲ್ಲವಲ್ಲ, ಪರವಾಗಿಲ್ವಾ? – ಎಚ್‌ಎಸ್‌ಆರ್ ಲೇಔಟ್

ಉತ್ತರ: ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ 10 ಕಡಿಮೆ. ನೀರಿನಡಿ ಒತ್ತಡದಲ್ಲಿ ಉಸಿರಾಡುವಾಗ ನೈಟ್ರೋಜನ್ ಮೈಯಲ್ಲಿ ಕರಗಿರುತ್ತದೆ. ಅದು ನಿಧಾನಕ್ಕೆ ಹೊರಬರುವ ಮುಂಚೆಯೇ ಮೇಲಕ್ಕೆ ಹೋದರೆ ಗುಳ್ಳೆಗಳಾಗಿ ಕೀಲು, ನರ, ಬೆನ್ನುಹುರಿಗೆ ತೊಂದರೆ ಕೊಡಬಹುದು. ಡೈವ್ ಮಾಡಿದ ಮೇಲೆ ಕಾಯುವ ನಿಯಮ ವಿಮಾನಕ್ಕೆ ಮಾತ್ರ ಅಲ್ಲ, ಸುಮಾರು 600 ಮೀಟರ್ ಮೇಲಿನ ಊರಿಗೂ ಅನ್ವಯಿಸುತ್ತದೆ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ. ಆ ರಾತ್ರಿ ಮುರುಡೇಶ್ವರದಲ್ಲೇ ಉಳಿದು ಮಾರನೇ ದಿನ ಹೊರಡಿ. ಕೀಲುನೋವು, ಜುಮ್ಮೆನ್ನುವುದು, ಕಾಲಲ್ಲಿ ಬಲವಿಲ್ಲದಿರುವುದು ಕಂಡರೆ ಮಾಸ್ಕ್‌ನಲ್ಲಿ ಆಕ್ಸಿಜನ್ ಕೊಡಿಸುತ್ತಾ ಆಸ್ಪತ್ರೆಗೆ ಹೋಗಿ, ಡೈವ್ ಮಾಡಿದ್ದನ್ನು ಮೊದಲ ಮಾತಿನಲ್ಲೇ ಹೇಳಿ. ಗುಳ್ಳೆಗಳಿಂದ ಬರುವ ಆ ಕಾಯಿಲೆಗೆ ಚೇಂಬರ್‌ಗಿಂತ ಒಳ್ಳೆಯ ಚಿಕಿತ್ಸೆ ಇಲ್ಲ.

ಪ್ರಶ್ನೆ: ಅಕ್ಕನ ಮಗನಿಗೆ 5 ವರ್ಷ, ಆಟಿಸಂ ಇದೆ. 40 ಸಿಟ್ಟಿಂಗ್ ಮಾಡಿಸಿದರೆ ಮಾತು ಬರುತ್ತದೆ ಅಂತ ಒಂದು ಸೆಂಟರ್‌ನವರು ಹೇಳುತ್ತಿದ್ದಾರೆ. ಅಕ್ಕ ಒಡವೆ ಅಡ ಇಡಲು ಹೊರಟಿದ್ದಾಳೆ. – ಕಲ್ಯಾಣ ನಗರ

ಉತ್ತರ: ದಯವಿಟ್ಟು ಅಕ್ಕನನ್ನು ತಡೆಯಿರಿ. ಆಟಿಸಂಗೆ ಚೇಂಬರ್‌ನಿಂದ ಉಪಯೋಗ ಇದೆ ಅನ್ನಲು ಒಪ್ಪುವಂಥ ಆಧಾರ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲೇ ಇಂಥ ಮಾತಿಗೆ ಮರುಳಾಗಬೇಡಿ ಅಂತ ಎಚ್ಚರಿಸಿದೆ. ಅಪಾಯ ಇಲ್ಲದ ಪ್ರಯತ್ನ ಅಂತಲೂ ತಿಳಿಯಬೇಡಿ. 2025ರ ಜನವರಿಯಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಚೇಂಬರ್‌ಗೆ ಬೆಂಕಿ ಹತ್ತಿ 5 ವರ್ಷದ ಹುಡುಗ ಒಳಗೇ ತೀರಿಹೋದ. ಯೌವನ ಮರಳಿಸುತ್ತೇವೆ, ಸುಸ್ತು ಹೋಗುತ್ತದೆ ಅಂತ ಸ್ಪಾಗಳಲ್ಲಿ ಇಡುವ ಗಾಳಿ ತುಂಬುವ ಬಟ್ಟೆಯ ಚೇಂಬರ್ ಇದೆಯಲ್ಲ, ಅದರಲ್ಲಿ ಒತ್ತಡ ಸಾಮಾನ್ಯವಾಗಿ ಸುಮಾರು 1.3 ಪಟ್ಟು ಮಾತ್ರ. ಆಸ್ಪತ್ರೆಯ ಚಿಕಿತ್ಸೆಗೆ ಅದು ಸಮವಲ್ಲ. ಮಗುವಿಗೆ ಈಗ ಬೇಕಿರುವುದು ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ, ಮನೆಯವರಿಗೆ ತರಬೇತಿ. ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ತೋರಿಸಿ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಒಡವೆಯ ದುಡ್ಡು ಬೇಕೇಬೇಕಾದರೆ ಆ ವರ್ಷಗಟ್ಟಲೆ ಥೆರಪಿಗೆ ಇರಲಿ.

ಪ್ರಶ್ನೆ: ಅಜ್ಜನಿಗೆ ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ). ಮನೆಯಲ್ಲಿ ಆಕ್ಸಿಜನ್ ಕೊಡುತ್ತಿದ್ದೇವೆ. ಉಸಿರು ಕಟ್ಟಿದಾಗ ಜಾಸ್ತಿ ಮಾಡಬಹುದಾ? – ಕೆಂಗೇರಿ

ಉತ್ತರ: ನೀವಾಗಿ ಜಾಸ್ತಿ ಮಾಡಬೇಡಿ. ಸಿಒಪಿಡಿ ಇರುವವರಲ್ಲಿ ಆಕ್ಸಿಮೀಟರ್‌ನಲ್ಲಿ ಸಾಮಾನ್ಯವಾಗಿ 88ರಿಂದ 92 ಸಾಕು. 98 ಮಾಡಲು ಹೋದರೆ ಕೆಲವರಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಹಿಡಿಯುತ್ತದೆ. ಅಜ್ಜ ಹಗಲಲ್ಲೂ ತೂಗಡಿಸಿ ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಾಕ್ಟರ್ ದೀರ್ಘಕಾಲದ ಆಕ್ಸಿಜನ್ ಬರೆದಿದ್ದರೆ ದಿನಕ್ಕೆ ಕನಿಷ್ಠ 15 ಗಂಟೆ ಹಾಕಿದರೇ ಲಾಭ, ಆಗೊಮ್ಮೆ ಈಗೊಮ್ಮೆ ಹಾಕಿದರೆ ಅಲ್ಲ. ಕರೆಂಟ್ ಹೋದಾಗ ಬೇಕು ಅಂತ ಒಂದು ಸಣ್ಣ ಸಿಲಿಂಡರ್ ತುಂಬಿಸಿಟ್ಟಿರಿ. ಮೂಗಿನ ಪೈಪ್ ಹಾಕಿಕೊಂಡೇ ದೇವರ ದೀಪ ಹಚ್ಚುವುದು, ಊದುಬತ್ತಿ ಹಚ್ಚುವುದು, ಒಲೆ ಹತ್ತಿರ ನಿಲ್ಲುವುದು ಬೇಡ. ದೀಪವನ್ನು ಮನೆಯ ಬೇರೆಯವರು ಹಚ್ಚಲಿ, ಅಜ್ಜ ದೂರದಿಂದಲೇ ಕೈಮುಗಿಯಲಿ.