ಫಿನ್‌ಲ್ಯಾಂಡ್‌ನ ಟ್ಯಾಬ್ಲಾಯ್ಡ್ ಪತ್ರಿಕೆಗಳು, ಅಂದರೆ ಸಣ್ಣ ಅಳತೆಯ, ರೋಚಕ ಸುದ್ದಿಯ ಪೇಪರ್‌ಗಳು, ಇಂಟರ್ನೆಟ್‌ನಲ್ಲಿ ಇಷ್ಟು ಗಟ್ಟಿಯಾಗಿ ನೆಲೆಯೂರಿದ್ದು ಹೇಗೆ?

ಅವು ಮೊದಲಿನಿಂದಲೂ ಚಂದಾದಾರರನ್ನು ನಂಬಿ ಬದುಕಿದವಲ್ಲ. ಅದೇ ಮುಖ್ಯ ಕಾರಣ.

ಹೆಲ್ಸಿಂಗಿನ್ ಸನೋಮಾತ್‌ನಂಥ ದಿನಪತ್ರಿಕೆಗೆ ಜನ ಮುಂಗಡ ಚಂದಾ ಕಟ್ಟುತ್ತಾರೆ, ಪೇಪರ್ ಬೆಳಿಗ್ಗೆ ಬೇಗ ಮನೆಗೇ ಬರುತ್ತದೆ. ಟ್ಯಾಬ್ಲಾಯ್ಡ್‌ಗಳಾದ ಇಲ್ತಾ-ಸನೋಮಾತ್ (1932ರಿಂದ) ಮತ್ತು ಇಲ್ತಾಲೆಹ್ತಿ (1980ರಿಂದ) ಹಾಗಲ್ಲ. ಇವೆರಡೂ ಅಂಗಡಿಯಲ್ಲಿ ಬಿಡಿಯಾಗಿ ಮಾರಾಟವಾಗಿ ಬೆಳೆದವು. ಅಂಗಡಿ ಬಾಗಿಲಲ್ಲಿ ಹಳದಿ ಪೋಸ್ಟರ್, ಅದರ ಮೇಲೆ ದಪ್ಪ ಕಪ್ಪು ಅಕ್ಷರ: ಯಾರದೋ ವಿಚ್ಛೇದನ, ಐಸ್ ಹಾಕಿ ಸೋಲು, ಇಲ್ಲಾ ಬರಲಿರುವ ಹಿಮಗಾಳಿ. ಓದುಗನನ್ನು ದಿನಾ ಹೊಸದಾಗಿ ಗೆಲ್ಲಬೇಕಿತ್ತು.

ವೆಬ್‌ಗೆ ಬೇಕಾದದ್ದೂ ಇದೇ ಕಸುಬು ಅಲ್ವಾ? ಅವು ಸುದ್ದಿಯನ್ನು ಬಹುಪಾಲು ಉಚಿತವಾಗಿ ಕೊಟ್ಟು ಜಾಹೀರಾತಿನಿಂದ ದುಡ್ಡು ಮಾಡಿದವು. ಚಂದಾ ಪತ್ರಿಕೆಗಳಿಗೆ ಅದು ಕಷ್ಟ. ಎಲ್ಲವನ್ನೂ ಸುಮ್ನೆ ಹಂಚಿದರೆ ಚಂದಾ ಕಟ್ಟುವವರು ಯಾರು? ಹಾಗಾಗಿ ಪೇವಾಲ್, ಅಂದರೆ ದುಡ್ಡು ಕೊಟ್ಟವರಿಗಷ್ಟೇ ತೆರೆಯುವ ಪುಟ. ಇವತ್ತು ಫಿನ್‌ಲ್ಯಾಂಡ್‌ನಲ್ಲಿ ಅತಿ ಹೆಚ್ಚು ಜನ ನೋಡುವ ಸುದ್ದಿತಾಣಗಳಲ್ಲಿ ಈ ಎರಡೂ ಇವೆ. ಆದರೆ ಕಾಗದದ ಪ್ರತಿಗಳ ಮಾರಾಟ ಮಾತ್ರ ಕುಸಿದಿದೆ.

ಒಂದು ತಮಾಷೆ: ಇಲ್ತಾಲೆಹ್ತಿ ಹುಟ್ಟಿದ್ದು ಊಸಿ ಸುವೋಮಿ ಎಂಬ ಗಂಭೀರ ದಿನಪತ್ರಿಕೆಯ ಮರಿಯಾಗಿ. ತಾಯಿ 1991ರಲ್ಲಿ ಮುಚ್ಚಿತು, ಮರಿ ಉಳಿಯಿತು.

ಟ್ಯಾಬ್ಲಾಯ್ಡ್ ಯಾವುದೆಂದು ಪುಟದ ಆಕಾರ ನೋಡಿ ಗುರುತಿಸೋಣವೆಂದರೆ ಅದೂ ಈಗ ಆಗದು. 2013ರ ಜನವರಿಯಲ್ಲಿ ಹೆಲ್ಸಿಂಗಿನ್ ಸನೋಮಾತ್ ಕೂಡ ಟ್ಯಾಬ್ಲಾಯ್ಡ್ ಅಳತೆಗೆ ಇಳಿಯಿತು. ಅದಕ್ಕೂ ಇಲ್ತಾ-ಸನೋಮಾತ್‌ಗೂ ಮಾಲೀಕ ಕಂಪನಿ ಒಂದೇ, ಸನೋಮಾ.