ಆ ಹಲ್ಲು ಉಳಿಸೋಕೆ ಆಗ್ತಿರಲಿಲ್ವಾ?

ಪ್ರಶ್ನೆ: ಹನೂರು ತಾಲ್ಲೂಕಿನ ಕಾಡಂಚಿನ ಊರಲ್ಲಿ ನಾನು ಸರ್ಕಾರಿ ಶಾಲೆ ಟೀಚರ್. ನಮ್ಮ ಆರನೇ ಕ್ಲಾಸಿನ ಹುಡುಗಿಗೆ ಕ್ಯಾಂಪಲ್ಲಿ ಕೆಳಗಿನ ದವಡೆ ಹಲ್ಲು ಕಿತ್ತುಬಿಟ್ರು, ಮತ್ತೆ ಹುಟ್ಟಲ್ಲ ಅಂತನೂ ಹೇಳಿದ್ರು. ರೂಟ್ ಕೆನಾಲ್ ಮಾಡಿ ಉಳಿಸಬಹುದಿತ್ತಲ್ವಾ? ಇಲ್ಲಿ ಐವತ್ತು ದಾಟಿದೋರ ಬಾಯಲ್ಲೂ ಅರ್ಧ ಹಲ್ಲು ಇರಲ್ಲ. ಬಡವರು ಅಂದ್ರೆ ಕೀಳೋದೇನಾ?

ಉತ್ತರ: ಉಳಿಸಬಹುದಿತ್ತು ಟೀಚರ್, ಆದ್ರೆ ಆವತ್ತಲ್ಲ, ಬಹುಶಃ ಮೂರ್ನಾಲ್ಕು ವರ್ಷ ಮುಂಚೆ. ಕೆಳಗಿನ ದವಡೆಲಿ ನಟ್ಟನಡುವಿನ ಹಲ್ಲಿಂದ ಹಿಂದಕ್ಕೆ ಎಣಿಸ್ತಾ ಹೋಗಿ, ಆರನೇದು ಇದೆಯಲ್ಲ, ಕಿತ್ತಿದ್ದು ಬಹುಶಃ ಅದೇ, ಅದು ಮಗುಗೆ ಸುಮಾರು ಆರು ವರ್ಷ ಆದಾಗ ಹುಟ್ಟುತ್ತೆ, ಅದರ ಜಾಗದಲ್ಲಿ ಯಾವ ಹಾಲು ಹಲ್ಲೂ ಬಿದ್ದಿರಲ್ಲ, ಸುಮ್ನೆ ಹಿಂದೆ ಬಂದು ಕೂತುಬಿಡುತ್ತೆ, ಹಾಗಾಗಿ ಮನೇಲಿ ಎಲ್ಲರೂ ಅದನ್ನ ಹಾಲು ಹಲ್ಲು ಅಂತಾನೇ ಅಂದ್ಕೋತಾರೆ. ಹುಳುಕು ಬಿದ್ರೂ "ಬಿದ್ದು ಹೊಸದು ಬರುತ್ತೆ ಬಿಡಿ" ಅಂತಾರೆ. ಅದು ಶಾಶ್ವತ ಹಲ್ಲು ಅಂತ ಅವರಿಗೆ ಯಾರೂ ಹೇಳೇ ಇರಲ್ಲ, ಅವರ ತಪ್ಪಲ್ಲ ಇದು.

ಆಮೇಲೆ ನೋವು ಶುರು. ರಾತ್ರಿ ಮಲಗಿದಾಗ ಜಾಸ್ತಿ. ಲವಂಗ ಇಡ್ತಾರೆ, ಮೆಡಿಕಲ್ ಶಾಪಿಂದ ಎರಡು ಮಾತ್ರೆ ತರ್ತಾರೆ, ಒಂದಿನ ನೋವು ತಾನಾಗೇ ನಿಂತುಬಿಡುತ್ತೆ. ವಾಸಿ ಆಯ್ತು ಅಂತ ಮನೆಯೋರಿಗೆ ನೆಮ್ಮದಿ, ಆದ್ರೆ ನಿಂತಿರೋದು ಹಲ್ಲಿನ ಒಳಗಿನ ನರ ಸತ್ತಿದ್ದಕ್ಕೆ. ಕೆಲವು ತಿಂಗಳಿಗೆ ಕೀವು ತುಂಬಿ ಕೆನ್ನೆ ಊದ್ಕೊಂಡಾಗಲೇ ನಮ್ಮ ಹತ್ರ ಬರೋದು.

ಆಗ ರೂಟ್ ಕೆನಾಲ್ ಅಂದ್ರೆ ಎರಡು ಮೂರು ಸಲ ಬರಬೇಕು, ಎಕ್ಸ್‌ರೇ ಬೇಕು, ಮೇಲೆ ಕ್ಯಾಪು, ಪ್ರೈವೇಟಲ್ಲಿ ಸಾವಿರಾರು ರೂಪಾಯಿ. ಪಿಎಚ್‌ಸಿಲಿ ಸಾಮಾನ್ಯವಾಗಿ ಡೆಂಟಿಸ್ಟ್ ಇರಲ್ಲ, ತಾಲ್ಲೂಕು ಆಸ್ಪತ್ರೆಗೇ ಹೋಗಬೇಕು, ಒಂದೊಂದು ಸಲಕ್ಕೂ ಅಪ್ಪನದೋ ಅಮ್ಮನದೋ ಕೂಲಿ ಹೋಗುತ್ತೆ. ಕೀಳಿಸೋದು ಒಂದೇ ಸಲಕ್ಕೆ ಮುಗಿಯುತ್ತೆ. ಕ್ಯಾಂಪಿಗೆ ಹೋಗೋ ನಮ್ಮ ಪೆಟ್ಟಿಗೆಲೂ ಹೆಚ್ಚಾಗಿ ಇರೋದು ಮರಗಟ್ಟೋ ಇಂಜೆಕ್ಷನ್ನು, ಇಕ್ಕಳ, ಹತ್ತಿ. ಶಾಲೆ ಜಗಲಿ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಟಾರ್ಚ್ ಬೆಳಕಲ್ಲಿ ನೋಡುವಾಗ ನಮಗೂ ಗೊತ್ತಿರುತ್ತೆ, ಈ ಮಗು ಮತ್ತೆ ಬರೋದು ಅನುಮಾನ, ಕೀವಿರೋ ಹಲ್ಲನ್ನ ಹಾಗೇ ಬಿಟ್ರೆ ಸೋಂಕು ಕತ್ತಿಗೆ ಇಳಿದು ಉಸಿರಿಗೇ ತೊಂದರೆ ಆಗಬಹುದು ಅಂತ. ಕೀಳ್ತೀವಿ. ನಾನೂ ಎಷ್ಟೋ ಕಿತ್ತಿದೀನಿ, ಹತ್ತು ಹನ್ನೊಂದು ವರ್ಷದ ಮಗುವಿನ ಬಾಯಿಂದ ಬೇರು ಪೂರ್ತಿ ಬಲಿತ ದವಡೆ ಹಲ್ಲು ಟ್ರೇಗೆ ಬಿದ್ದಾಗ ಪ್ರತಿ ಸಲ ಹೊಟ್ಟೆ ಉರಿಯುತ್ತೆ.

ದೊಡ್ಡವರ ಕಥೆ ಬೇರೆ. ಅವರಲ್ಲಿ ಎಷ್ಟೋ ಹಲ್ಲಿಗೆ ತೂತೇ ಇರಲ್ಲ, ಒಸಡು ಸವೆದು ಮೂಳೆ ಕರಗಿ ಅಲ್ಲಾಡ್ತಿರುತ್ತೆ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಒತ್ತರಿಸಿಟ್ಟ ಜಾಗದಲ್ಲಿ ಒಸಡು ಕೆಳಗೆ ಸರಿಯುತ್ತೆ, ಶುಗರ್ ಇದ್ರೆ ಇನ್ನೂ ಬೇಗ ಹಾಳು. ನಮ್ಮಲ್ಲಿ ಬಿಪಿಎಲ್ ಹಿರಿಯರಿಗೆ ಸರ್ಕಾರದ ದಂತಭಾಗ್ಯ ಯೋಜನೇಲಿ ಫ್ರೀ ಹಲ್ಲುಸೆಟ್ ಕೊಡ್ತಾರೆ, ಒಳ್ಳೇದೇ, ಆದ್ರೆ ಅದು ಎಲ್ಲಾ ಹೋದ ಮೇಲಿನ ಮಾತು.

ಕರೆಂಟೇ ಇಲ್ಲದೆ, ಬರೀ ಕೈ ಉಪಕರಣದಲ್ಲಿ ಹುಳುಕು ಕೆರೆದು ಗ್ಲಾಸ್ ಅಯೋನೋಮರ್ ಸಿಮೆಂಟ್ ತುಂಬೋ ವಿಧಾನ 1980ರ ದಶಕದಲ್ಲೇ ಟಾಂಜಾನಿಯಾದಲ್ಲಿ ಶುರುವಾಯ್ತು, ಆ ಸಿಮೆಂಟು 2021ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಲಿದೆ. ತೂತು ಚಿಕ್ಕದಿರುವಾಗ ಇದನ್ನ ನಿಮ್ಮ ಶಾಲೆ ಜಗಲಿ ಮೇಲೇ ಮಾಡಬಹುದು. ಮುಂದಿನ ಸಲ ಕ್ಯಾಂಪ್ ಮಾಡ್ತೀವಿ ಅಂತ ಯಾರಾದ್ರೂ ಬಂದ್ರೆ ಇದನ್ನ ತರ್ತೀರಾ ಅಂತ ಮೊದಲೇ ಕೇಳಿ, ಶಾಲೆ ಮಕ್ಕಳ ಆರೋಗ್ಯ ನೋಡೋ ಸರ್ಕಾರದ ಆರ್‌ಬಿಎಸ್‌ಕೆ ತಂಡ ತಪಾಸಣೆಗೆ ಬಂದಾಗ ಒಂದು, ಎರಡನೇ ಕ್ಲಾಸಿನ ಮಕ್ಕಳ ಆರನೇ ಹಲ್ಲನ್ನ ತೋರಿಸಿ, ರೆಫರಲ್ ಚೀಟಿ ಬರೆಸ್ಕೊಳ್ಳಿ.

ಆ ಹುಡುಗಿಗೆ ಅಂಥ ಹಲ್ಲು ಇನ್ನೂ ಮೂರು ಇರಬೇಕು. ಈ ವಾರಾನೇ ಟಾರ್ಚ್ ಹಿಡಿದು ನೋಡಿ, ಕಪ್ಪು ಗೆರೆನೋ ತೂತೋ ಕಂಡ್ರೆ ನೋವು ಬರೋವರೆಗೂ ಕಾಯಬೇಡಿ. ಮನೇಲಿ ತಮ್ಮ ತಂಗಿ ಇದ್ರೆ ಅವರದ್ದೂ ನೋಡಿ.