64 ಕೋರ್‌ಗಳ ಅನುಭವ ಪೋಸ್ಟ್‌ಡಾಕ್ ಹುದ್ದೆಗೆ ಸಾಕೇ?

ಪ್ರಶ್ನೆ: ದ್ರವಗಳ ಹರಿವನ್ನು ಕಂಪ್ಯೂಟರ್ ಮೂಲಕ ಅಧ್ಯಯನ ಮಾಡುವ ವಿಷಯದಲ್ಲಿ ನನ್ನ ಪಿಎಚ್‌ಡಿ ಮುಗಿಯುವ ಹಂತದಲ್ಲಿದೆ. ವಿಭಾಗದ ಕ್ಲಸ್ಟರ್‌ನಲ್ಲಿ (ಒಟ್ಟಿಗೆ ಜೋಡಿಸಿದ ಕಂಪ್ಯೂಟರ್‌ಗಳ ಗುಂಪಿನಲ್ಲಿ) ಹೆಚ್ಚೆಂದರೆ 64 ಕೋರ್‌ಗಳಲ್ಲಿ, ಅಂದರೆ 64 ಲೆಕ್ಕದ ಘಟಕಗಳಲ್ಲಿ, ಪ್ರೋಗ್ರಾಂ ಓಡಿಸಿದ್ದೇನೆ. ವಿಶ್ವವಿದ್ಯಾಲಯಗಳ ಪೋಸ್ಟ್‌ಡಾಕ್ ಪ್ರಕಟಣೆಗಳಲ್ಲಿ ‘ಹೈ ಪರ್ಫಾರ್ಮೆನ್ಸ್ ಕಂಪ್ಯೂಟಿಂಗ್ ಅನುಭವ’ (ಬೃಹತ್ ಗಣಕಗಳಲ್ಲಿ ಲೆಕ್ಕ ಮಾಡಿಸಿದ ಅನುಭವ) ಕೇಳಿರುತ್ತಾರೆ. ನಾನು ಅರ್ಜಿ ಹಾಕಬಹುದೇ? ಮೊದಲು ಯಾವುದಾದರೂ ಕೋರ್ಸ್ ಮಾಡಬೇಕೇ?

ಉತ್ತರ: ಧಾರಾಳವಾಗಿ ಹಾಕಬಹುದು, ಕೋರ್ಸಿನ ಪ್ರಮಾಣಪತ್ರಕ್ಕಾಗಿ ಕಾಯಬೇಕಿಲ್ಲ. ನೀವು ಎಷ್ಟು ಕೋರ್ ಬಳಸಿದ್ದೀರಿ ಎನ್ನುವುದಕ್ಕಿಂತ, ಕೋರ್ ಹೆಚ್ಚಿಸಿದಾಗ ನಿಮ್ಮ ಪ್ರೋಗ್ರಾಂ ಎಲ್ಲಿಯವರೆಗೆ ವೇಗ ಪಡೆಯಿತು, ಆಮೇಲೆ ಏಕೆ ಕುಂಟಿತು ಎಂಬುದನ್ನು ವಿವರಿಸಬಲ್ಲಿರಾ ಎಂದು ಅನುಭವಿ ಸಂದರ್ಶಕರು ನೋಡುತ್ತಾರೆ.

ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದ ವಾದ ಇಲ್ಲಿ ಇಂದಿಗೂ ಮೊದಲ ಪಾಠ. ಕೆಲಸದಲ್ಲಿ ಶೇ 5ರಷ್ಟನ್ನು ಹಂಚಿಕೊಂಡು ಮಾಡಲಾಗದಿದ್ದರೆ, 64 ಕೋರ್‌ಗಳಿಂದ ಸಿಗುವ ವೇಗ ಹೆಚ್ಚೆಂದರೆ ಸುಮಾರು 15 ಪಟ್ಟು. 1,024 ಕೋರ್ ಕೊಟ್ಟರೂ ಅದು 20 ಪಟ್ಟನ್ನು ಮುಟ್ಟುವುದಿಲ್ಲ. ಆದ್ದರಿಂದ ಒಂದೇ ಸಮಸ್ಯೆಯನ್ನು 1, 2, 4 ಹೀಗೆ 64 ಕೋರ್‌ಗಳವರೆಗೆ ಓಡಿಸಿ, ಹಿಡಿದ ಸಮಯವನ್ನು ನಕ್ಷೆಯಲ್ಲಿ ಗುರುತಿಸಿ. ಬಳಿಕ ಪ್ರೊಫೈಲರ್ (ಪ್ರೋಗ್ರಾಂನ ಯಾವ ಭಾಗಕ್ಕೆ ಎಷ್ಟು ಸಮಯ ಹಿಡಿಯಿತೆಂದು ಅಳೆಯುವ ಸಾಧನ) ಹಚ್ಚಿ, ಸಮಯ ಎಲ್ಲಿ ಸೋರುತ್ತಿದೆ ಎಂದು ಹುಡುಕಿ. ನಿಮ್ಮ ಕ್ಷೇತ್ರದಲ್ಲಿ ಬಹುತೇಕ ಒತ್ತಡದ ಸಮೀಕರಣವನ್ನು ಬಿಡಿಸುವಲ್ಲೇ ಗಂಟು ಸಿಗುತ್ತದೆ: ಉತ್ತರಕ್ಕೆ ಸುತ್ತು ಸುತ್ತಾಗಿ ಹತ್ತಿರವಾಗುವ ಕಾಂಜುಗೇಟ್ ಗ್ರೇಡಿಯೆಂಟ್ ಬಗೆಯ ವಿಧಾನಗಳಲ್ಲಿ ಪ್ರತಿ ಸುತ್ತಿಗೂ ಎಲ್ಲ ಕೋರ್‌ಗಳ ಮೊತ್ತವನ್ನು ಒಟ್ಟುಗೂಡಿಸಬೇಕಾಗಿರುವುದರಿಂದ, ಕೋರ್‌ಗಳ ನಡುವೆ ಸಂದೇಶ ಸಾಗಿಸುವ ಎಂಪಿಐ ವ್ಯವಸ್ಥೆಯ ‘ಆಲ್‌ರೆಡ್ಯೂಸ್’ ಎಂಬ ಈ ಒಟ್ಟುಗೂಡಿಸುವಿಕೆ ಮುಗಿಯುವವರೆಗೆ ಕೋರ್‌ಗಳು ಕಾಯುತ್ತಾ ಕೂರುತ್ತವೆ. ಇದನ್ನು ಸ್ವಂತ ಅಂಕಿಗಳಿಂದ ತೋರಿಸುವ ಒಂದು ಪುಟ, ತಂತ್ರಾಂಶಗಳ ಹೆಸರು ತುಂಬಿದ ಸ್ವವಿವರಕ್ಕಿಂತ ಹೆಚ್ಚು ತೂಗುತ್ತದೆ.

ಜಿಪಿಯು (ಮೂಲತಃ ಚಿತ್ರಗಳಿಗಾಗಿ ರೂಪಿಸಿದ, ಸಾವಿರಾರು ಲೆಕ್ಕಗಳನ್ನು ಒಟ್ಟಿಗೇ ಮಾಡುವ ಚಿಪ್) ವಿಷಯ ಬೇರೆ. 2022ರಲ್ಲಿ ಎಕ್ಸಾಫ್ಲಾಪ್ (ಸೆಕೆಂಡಿಗೆ 10ರ 18ನೇ ಘಾತದಷ್ಟು ಲೆಕ್ಕ) ಗಡಿ ದಾಟಿದ ಅಮೆರಿಕದ ‘ಫ್ರಾಂಟಿಯರ್’ ಗಣಕದ ಶಕ್ತಿಯ ಬಹುಪಾಲು ಬರುವುದು ಜಿಪಿಯುಗಳಿಂದಲೇ. ಹಾಗಾಗಿ ಹಳೆಯ ಫೋರ್ಟ್ರಾನ್ ಅಥವಾ ಸಿ++ ಕೋಡನ್ನು ಜಿಪಿಯುಗೆ ಒಗ್ಗಿಸುವ ಕೆಲಸಕ್ಕೇ ಎಷ್ಟೋ ಹುದ್ದೆಗಳು ಹುಟ್ಟುತ್ತವೆ. ನಿಮಗೆ ಅದರ ಪರಿಚಯವಿಲ್ಲದಿದ್ದರೆ ನೇರವಾಗಿ ಹೇಳಿ. ನಿಮ್ಮದೇ ಪ್ರೋಗ್ರಾಂನ ಒಂದು ಲೂಪನ್ನಾದರೂ, ಜಿಪಿಯುಗೆ ಕೋಡ್ ಬರೆಯಲು ನೆರವಾಗುವ ಕುಡಾ ಅಥವಾ ಓಪನ್‌ಎಂಪಿಯಲ್ಲಿ ಬರೆದು ನೋಡಿ.

ಅರ್ಜಿಗೆ ಮುನ್ನ ಹುದ್ದೆಯ ಒಳಗುಟ್ಟನ್ನೂ ವಿಚಾರಿಸಿಕೊಳ್ಳಿ. ಸಂಶೋಧನೆಯ ಹೆಸರಿನಲ್ಲಿ ಕ್ಲಸ್ಟರ್ ನಿರ್ವಹಣೆ ಮಾಡಿಸಿಕೊಳ್ಳುವ ಹುದ್ದೆಗಳೂ ಇರುತ್ತವೆ. ಗಣಕದ ಕೋರ್-ಗಂಟೆಗಳು (ಬಳಸಲು ಸಿಗುವ ಸಮಯ) ಈಗಾಗಲೇ ಮಂಜೂರಾಗಿವೆಯೇ ಅಥವಾ ನೀವು ಬಂದ ಮೇಲೆ ಪ್ರಸ್ತಾವ ಬರೆಯಬೇಕೇ, ಸ್ವಂತ ಪ್ರಬಂಧಗಳಿಗೆ ಎಷ್ಟು ಸಮಯ ಉಳಿಯುತ್ತದೆ, ನೀವು ಬರೆದ ಕೋಡಿಗೆ ಲೇಖಕತ್ವದ ಮನ್ನಣೆ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಎರಡು ವರ್ಷದ ಗುತ್ತಿಗೆಯಲ್ಲಿ ಗಣಕದ ಸಮಯಕ್ಕಾಗಿಯೇ ತಿಂಗಳುಗಟ್ಟಲೆ ಕಾಯುವಂತಾದರೆ ನಷ್ಟ ನಿಮ್ಮದೇ. ಪ್ರಬಂಧಕ್ಕಿಂತ ಕೋಡ್ ಬರೆಯುವುದೇ ನಿಮಗೆ ಇಷ್ಟವೆಂದಾದರೆ, ‘ರಿಸರ್ಚ್ ಸಾಫ್ಟ್‌ವೇರ್ ಎಂಜಿನಿಯರ್’ ಹೆಸರಿನ ಹುದ್ದೆಗಳನ್ನೂ ಜೊತೆಗೇ ನೋಡಿ. ಕೆಲವೆಡೆ ಅವು ಕಾಯಂ ಆಗಿರುತ್ತವೆ.